ಇಳಿದ ಭುಜ

ಮಗಳು ಹಿಂದೆ ನಿಂತು ಅವಳ ತಲೆ ಬಾಚುತ್ತಿದ್ದಾಗ ಅವಳು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳದೆ ಮಗಳ ಕೈಗಳನ್ನೇ ನೋಡುತ್ತಿದ್ದಳು. ಎರಡೂ ಕೈಗಳು ತಲೆಗಿಂತ ಮೇಲೆ ಹೋಗುತ್ತಿದ್ದವು, ಇಳಿಯುತ್ತಿದ್ದವು, ಮತ್ತೆ ಹೋಗುತ್ತಿದ್ದವು, ಅದರಲ್ಲಿ ಏನೂ ವಿಶೇಷವಿಲ್ಲ ಎಂಬ ಹಾಗೆ. ಹದಿನಾರರ ಹುಡುಗಿ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದಳು. “ಇನ್ನೂ ಎಷ್ಟು ದಿನ ಅಮ್ಮ ಇದು? ಒಂದೋ ಡಾಕ್ಟರಿಗೆ ತೋರಿಸು, ಇಲ್ಲ ಕೂದಲು ಕತ್ತರಿಸ್ಕೊ.” “ಮಲಗಿದ್ದು ಸರಿಯಾಗಿಲ್ಲ ಕಣೇ, ಅಷ್ಟೇ. ಎರಡು ದಿನಕ್ಕೆ ಹೋಗುತ್ತೆ.” “ಎರಡು ವರ್ಷದಿಂದ ಒಂದು ರಾತ್ರೀನೂ ಸರಿಯಾಗಿ ಮಲಗಿಲ್ವಾ ನೀನು?” ಎಂದು ಮಗಳು ನಕ್ಕಳು. ಅವಳೂ ನಕ್ಕಳು. ಡಾಕ್ಟರುಗಳಿಂದ ಗಿಜಿಗುಡುವ ಕಟ್ಟಡದಲ್ಲಿ ದಿನಕ್ಕೆ ಎಂಟು ಗಂಟೆ ಕಳೆಯುವ ತಾಯಿ ಒಬ್ಬ ಡಾಕ್ಟರಿಗೂ ಭುಜ ತೋರಿಸುವುದಿಲ್ಲ ಎನ್ನುವುದು ಮಗಳಿಗೆ ತಮಾಷೆ. ವಾರಕ್ಕೊಮ್ಮೆ ಬೇರೆ ಊರಿನಿಂದ ಬರುವ ಗಂಡನಿಗೆ ಅದೂ ಗೊತ್ತಿಲ್ಲ. ಅವನು ಬಂದ ದಿನ ಅವಳು ಸ್ನಾನ ಮಾಡಿ ಕೂದಲು ಒಣಗಲೆಂದು ಬಿಟ್ಟುಕೊಂಡೇ ಇರುತ್ತಾಳೆ. ಪಿನ್ನು ಚುಚ್ಚಿ ಮುಗಿಸಿದ ಮಗಳು ಹೆಗಲ ಮೇಲೆ ಸುಮ್ಮನೆ ಒಂದು ತಟ್ಟು ತಟ್ಟಿದಳು, ಆಯಿತು ಏಳು ಎನ್ನುವಂತೆ. ಕಣ್ಣಿಗೆ ಕತ್ತಲು ಬಂತು. ಅವಳು ಕುರ್ಚಿಯ ಅಂಚು ಹಿಡಿದು ಎದ್ದಳು.

ನೋವು ಹೊಸದಲ್ಲ, ಅದಕ್ಕೆ ಅವಳು ಒಗ್ಗಿದ್ದಾಳೆ. ಇವತ್ತು ಬೆಳಗಿನಿಂದ ಎದೆಯೊಳಗೆ ಕೂತದ್ದು ಬೇರೆ. ನಿನ್ನೆ ಸಂಜೆ ಫೋನಿಗೆ ಇವತ್ತಿನ ಪಟ್ಟಿ ಬಂದಾಗ ಮೂರು ಗಂಟೆಯ ಸಾಲಿನಲ್ಲಿ ಆ ಹೆಸರು ಇತ್ತು. ವಯಸ್ಸು ಅರವತ್ತೊಂದು, ಹೊಟ್ಟೆಯ ಸ್ಕ್ಯಾನು, ಎರಡನೇ ಸಲ. ಮೊದಲ ಸಲದ ವರದಿಯನ್ನು ಯಾರೋ ಕೆಳಗೆ ಅಂಟಿಸಿದ್ದರು: ‘ಗ್ಯಾಸ್ ಇದ್ದುದರಿಂದ ಮೇದೋಜೀರಕ ಗ್ರಂಥಿ ಸರಿಯಾಗಿ ಕಾಣಿಸಲಿಲ್ಲ. ಅಗತ್ಯವೆನಿಸಿದರೆ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಬಹುದು.’ ಈ ವಾಕ್ಯವನ್ನು ಅವಳು ಬರೆದಿರಲಿಲ್ಲ. ಅದನ್ನು ಯಾರೂ ಬರೆಯುವುದಿಲ್ಲ. ಸ್ಕ್ಯಾನ್ ಯಂತ್ರದ ಕೀಲಿಮಣೆಯಲ್ಲಿ ಮೇಲಿನ ಸಾಲಿನ ಏಳನೇ ಗುಂಡಿ ಒತ್ತಿದರೆ ವಾಕ್ಯ ತಾನಾಗಿ ಬಂದು ಕೂರುತ್ತದೆ. ಆ ಗುಂಡಿಯ ಮೇಲಿನ ಅಕ್ಷರ ಅಳಿಸಿಹೋಗಿ ಯಾವುದೋ ಕಾಲವಾಯಿತು. ನಿಜವಾಗಿ ಗ್ಯಾಸ್ ಇದ್ದ ಹೊಟ್ಟೆಗಳಿಗೆ ಒತ್ತಿದ್ದೆಷ್ಟು, ತನ್ನ ಕೈ ಸೋತು ಒತ್ತಿದ್ದೆಷ್ಟು ಎಂದು ಅವಳಿಗೆ ಗೊತ್ತಿಲ್ಲ. ಆದರೆ ಈ ಒಬ್ಬನಿಗೆ ಒತ್ತಿದ್ದು ಮಾತ್ರ ಚೆನ್ನಾಗಿ ಗೊತ್ತು. ಆತ ದರ್ಜಿ. ಆ ಹೊಟ್ಟೆಯಲ್ಲಿ ಗ್ಯಾಸ್ ಇರಲಿಲ್ಲ. ಐದು ತಿಂಗಳಾದ ಮೇಲೆ ಎರಡನೇ ಸಲ ಹೊಟ್ಟೆ ತೋರಿಸಲು ಬರುವವರು ಆರಾಮಾಗಿದ್ದೇವೆ ಎಂದು ಹೇಳಲು ಬರುವುದಿಲ್ಲ ಎಂಬುದೂ ಗೊತ್ತು.

ಬಸ್ಸಿನಲ್ಲಿ ಮೇಲಿನ ಹಿಡಿಕೆಗೆ ಎಡಗೈ ಕೊಟ್ಟು ನಿಂತಳು. ಎಡಗೈ ಕೊಟ್ಟರೆ ಚೀಲ ಬಲಗೈಗೆ ಬರುತ್ತದೆ, ಚೀಲ ಬಲಗೈಗೆ ಬಂದರೆ ಮೊಣಕೈಯಿಂದ ಕುತ್ತಿಗೆಯವರೆಗೆ ಒಂದು ತಂತಿ ಎಳೆದುಕೊಳ್ಳುತ್ತದೆ. ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ಎದ್ದು ಜಾಗ ಕೊಡಲು ಬಂದಾಗ ಅವಳಿಗೆ ಸಿಟ್ಟೇ ಬಂತು, ನಲವತ್ತೈದಕ್ಕೆ ಅಷ್ಟು ಮುದಿಯಾಗಿ ಕಾಣುತ್ತೇನಾ ಎಂದು. ಬೇಡ ಎಂದು ಹೇಳಿ ಮುಂದಿನ ನಾಲ್ಕು ಸ್ಟಾಪೂ ಆ ಬೇಡವನ್ನು ಶಪಿಸುತ್ತ ನಿಂತಳು. ದೊಡ್ಡಕ್ಕ ಇದ್ದಿದ್ದರೆ ಬೈಯುತ್ತಿದ್ದಳು. ಕೆಲಸ ಕಲಿಸಿದವಳು ದೊಡ್ಡಕ್ಕ. ನಿಜವಾದ ಅಕ್ಕ ಅಲ್ಲ, ವಿಭಾಗದಲ್ಲಿ ಎಲ್ಲರಿಗಿಂತ ಹಿರಿಯಳಾದ್ದರಿಂದ ಎಲ್ಲರಿಗೂ ದೊಡ್ಡಕ್ಕ. ಹತ್ತೊಂಬತ್ತು ವರ್ಷದ ಹಿಂದೆ, ರೋಗಿಯ ಮೈಮೇಲೆ ಆಡಿಸುವ ಪ್ರೋಬ್ ಹಿಡಿದ ಇವಳ ಕೈಯ ಮೇಲೆ ತನ್ನ ಕೈ ಇಟ್ಟು, ಯಾರದೋ ದೊಡ್ಡ ಹೊಟ್ಟೆಯೊಳಗೆ ಅದನ್ನು ಅದುಮಿ, “ಒತ್ತದೆ ಏನೂ ಕಾಣಲ್ಲ ಕಣೇ, ಗ್ಯಾಸು ಗೀಸು ಎಲ್ಲ ಸೋಮಾರಿಗಳ ಮಾತು” ಎಂದಿದ್ದಳು. ಅಂಗೈಯಗಲದ ಆ ಹಿಡಿಯನ್ನು ಒತ್ತಿದಷ್ಟೂ ಪರದೆಯ ಮೇಲಿನ ಬೂದು ಮಂಜು ಸರಿದು ಒಳಗಿನದು ಒಂದೊಂದಾಗಿ ಕಾಣಿಸಿಕೊಳ್ಳುತ್ತಿತ್ತು. ಆಗ ಅವಳಿಗೆ ಅದೊಂದು ಸುಖ. ಅದೇ ದೊಡ್ಡಕ್ಕ ಒಂದು ದಿನ ಭುಜ ಎತ್ತಲಾಗುತ್ತಿಲ್ಲ ಎಂದು ಅರ್ಜಿ ಬರೆದು ಕೊಟ್ಟಳು. ಮೊದಲು ಕಡತದ ಕೋಣೆಗೆ ಹಾಕಿದರು. ಆಮೇಲೆ ಕಡತದ ಕೋಣೆಗೆ ಇಷ್ಟು ಜನ ಬೇಡ ಎಂದರು. ಬೀಳ್ಕೊಡುವ ದಿನ ಕೊಟ್ಟ ಗೋಡೆ ಗಡಿಯಾರವನ್ನು ಅವಳು ಎಡಗೈಯಲ್ಲೇ ಇಸಕೊಂಡಳು, ಫೋಟೋದಲ್ಲಿ ಅದು ಹಾಗೇ ಬಿದ್ದಿದೆ.

ಸ್ಕ್ಯಾನ್ ಕೋಣೆಗೆ ಕಿಟಕಿ ಇಲ್ಲ. ಪರದೆ ಕಾಣಲೆಂದು ದೀಪ ಮಬ್ಬು, ಯಂತ್ರಕ್ಕೆಂದು ಚಳಿ. ರೋಗಿಯ ಬಲಗಡೆ ಕೂತು, ಬಲಗೈ ಚಾಚಿ, ಆ ದೇಹವನ್ನು ದಾಟಿ ಅದರ ಎಡ ಪಕ್ಕೆಲುಬಿನ ಕೆಳಗೆ ಪ್ರೋಬ್ ಒತ್ತಬೇಕು. ಎಡಗೈ ಯಂತ್ರದ ಮೇಲೆ, ಕತ್ತು ಪರದೆಯ ಕಡೆ. ಮಂಚ ಇಳಿಸಿದರೆ ಭುಜದ ಭಾರ ಇಳಿಯುತ್ತದೆ. ಆದರೆ ಮಂಚ ಇಳಿಸುವ ಪೆಡಲು ಮುರಿದು ಮೂರು ವರ್ಷ. ದೂರಿನ ಪುಸ್ತಕದಲ್ಲಿ ಅವಳು ಮೂರು ಸಲ ಬರೆದಿದ್ದಾಳೆ, ಮೂರು ಸಲವೂ ಕೆಳಗೆ ಅಂದವಾದ ಅಕ್ಷರದಲ್ಲಿ ‘ಗಮನಕ್ಕೆ ಬಂದಿದೆ’ ಎಂದು ಉತ್ತರ ಬಂದಿದೆ. ಪ್ರೋಬಿನ ವಯರನ್ನು ಅವಳು ಕುತ್ತಿಗೆಗೆ ಸುತ್ತಿಕೊಳ್ಳುತ್ತಾಳೆ, ಅದರ ಭಾರವಾದರೂ ಮಣಿಕಟ್ಟಿನ ಮೇಲೆ ಬೀಳದಿರಲಿ ಎಂದು. ಬೆಳಗಿನ ಮೊದಲ ಹೆಂಗಸಿನ ಗಂಡ ಅದನ್ನು ನೋಡಿ, “ಇದೇನು ಕುಣಿಕೆ ಹಾಕ್ಕೊಂಡ್ ಬಿಟ್ರಿ” ಎಂದು ಹಲ್ಲು ಕಿರಿದ. ಇವಳು ಎರಡು ಸಲ ಕೈ ತೆಗೆದು ಮುಷ್ಟಿ ಬಿಚ್ಚಿ ಮುಚ್ಚಿದಾಗ, “ಇಲ್ಲಿ ಬೇರೆ ಯಾರಾದ್ರೂ ಇದಾರಾ?” ಎಂದು ಕೇಳಿದ. ಅದಕ್ಕೇ ಇರಬೇಕು, ಅಥವಾ ಮೂರು ಗಂಟೆಯವನು ತಲೆಯೊಳಗೆ ಕೂತದ್ದಕ್ಕೆ ಇರಬೇಕು, ಅವಳು ಇವತ್ತು ಎಲ್ಲರಿಗೂ ಒತ್ತಿದಳು. ಒತ್ತಬೇಕಾದವರಿಗೂ ಬೇಡದವರಿಗೂ. ಏಳನೇ ಗುಂಡಿಯ ಕಡೆ ಬೆರಳೇ ಹೋಗಲಿಲ್ಲ. ನಿಜವಾಗಿ ಗ್ಯಾಸ್ ತುಂಬಿದ್ದ ಒಬ್ಬ ಲಾರಿ ಡ್ರೈವರನ ಹೊಟ್ಟೆಯನ್ನು ಇಪ್ಪತ್ತು ನಿಮಿಷ ಅದುಮಿ ಅದುಮಿ, ಆತ “ಮೇಡಂ, ನಾನೇನು ತಪ್ಪು ಮಾಡಿದೆ?” ಎಂದು ಕೇಳುವವರೆಗೂ ಬಿಡಲಿಲ್ಲ. ಬಾಗಿಲಲ್ಲಿ ಮೇಲ್ವಿಚಾರಕಿ ತಲೆ ಹಾಕಿ ಮಣಿಕಟ್ಟಿನ ಮೇಲೆ ಬೆರಳು ಬಡಿದು ಹೋದಳು. ಅವಳಿಗೆ ವಿಭಾಗದವರು ಇಟ್ಟ ಹೆಸರು ಮುಳ್ಳು. ಗಡಿಯಾರದ ಮುಳ್ಳು, ಒಬ್ಬ ರೋಗಿಗೆ ಹನ್ನೆರಡು ನಿಮಿಷ. ಮಧ್ಯಾಹ್ನದ ಹೊತ್ತಿಗೆ ಇವಳ ಬಲಗೈ ಬೆರಳುಗಳು ಟಿಶ್ಯೂ ಕಾಗದದ ತುದಿ ಹಿಡಿಯಲೂ ಒಪ್ಪಲಿಲ್ಲ. ಆಗ ಅವಳಿಗೆ ಹೊಳೆಯಿತು, ತಾನು ಬೆಳಗಿನಿಂದ ತೀರಿಸಿದ ಪ್ರಾಯಶ್ಚಿತ್ತವೆಲ್ಲ ಸಂಬಂಧವಿಲ್ಲದ ಹೊಟ್ಟೆಗಳಿಗೆ ಸಂದಿತು, ಸಲ್ಲಬೇಕಾದ ಹೊಟ್ಟೆಗೆ ಈಗ ಕೈಯಲ್ಲಿ ಏನೂ ಉಳಿದಿಲ್ಲ ಎಂದು.

ಊಟದ ಹೊತ್ತಿನಲ್ಲಿ ಎಲ್ಲರನ್ನೂ ಮೇಲಿನ ಸಭಾಂಗಣಕ್ಕೆ ಕರೆದರು. ಎಲ್ಲಿಂದಲೋ ಬಂದ, ಇಸ್ತ್ರಿ ಮುರಿಯದ ಅಂಗಿಯ ಯುವಕನೊಬ್ಬ ಗೋಡೆಯ ಮೇಲೆ ಚಿತ್ರ ಬಿಟ್ಟು, ಕೆಲಸ ಮಾಡುವಾಗ ಮೈ ಹೇಗಿರಬೇಕು ಎಂದು ವಿವರಿಸುತ್ತಿದ್ದ. ಚಿತ್ರದಲ್ಲಿ ಒಬ್ಬಳು ಹೆಂಗಸು ನಗುನಗುತ್ತ ಸ್ಕ್ಯಾನ್ ಮಾಡುತ್ತಿದ್ದಳು. ಮೊಣಕೈ ಪಕ್ಕೆಗೆ ಅಂಟಿತ್ತು, ಮಂಚ ಮೊಣಕಾಲಿನ ಎತ್ತರಕ್ಕಿತ್ತು, ರೋಗಿ ಕಡ್ಡಿಯಂತಿದ್ದ. “ಅಂಥ ರೋಗೀನ ಎಲ್ಲಿಂದ ತರ್ಸಿದ್ರೋ” ಎಂದು ಪಕ್ಕದಲ್ಲಿದ್ದ ಸೀಸದಣ್ಣ ಗೊಣಗಿದ. ಎಕ್ಸ್‌ರೇ ಕೋಣೆಯವನು ಅವನು. ಇಪ್ಪತ್ತೈದು ವರ್ಷ ಸೀಸದ ಮೇಲಂಗಿ ಹೊತ್ತು ಹೊತ್ತು ಬೆನ್ನು ಬಾಗಿ, ಈಗ ಕೂತಲ್ಲೂ ನಿಂತಲ್ಲೂ ಒಂದೇ ಎತ್ತರ ಎಂದು ತನ್ನನ್ನೇ ಆಡಿಕೊಳ್ಳುವವನು. “ನಿಮ್ಮಲ್ಲಿ ಯಾರಿಗೆಲ್ಲ ಭುಜದ ನೋವಿದೆ, ಸ್ವಲ್ಪ ಕೈ ಎತ್ತಿ” ಎಂದ ಯುವಕ. ಯಾರೂ ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಮುಳ್ಳು ಕೂತಿದ್ದಳು. “ಅಯ್ಯೋ ಸಾಮಿ, ನೋವಿರೋರು ಕೈ ಎತ್ತೋದಾದ್ರೆ ನೀವ್ಯಾಕೆ ಬರ್ತಿದ್ರಿ” ಎಂದು ಸೀಸದಣ್ಣ ಗಟ್ಟಿಯಾಗೇ ಹೇಳಿದ, ಸಭೆಯೆಲ್ಲ ನಕ್ಕಿತು, ಯುವಕನೂ ನಕ್ಕ, ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುವ ನೆಪದಲ್ಲಿ ಸ್ವಲ್ಪ ಅತ್ತುಬಿಟ್ಟಳೇನೋ, ಅವಳಿಗೇ ಖಾತ್ರಿಯಿಲ್ಲ. ಕೊನೆಗೆ ಒಂದು ಹಾಳೆ ಸಾಲಿನಿಂದ ಸಾಲಿಗೆ ಬಂತು. ಸರಿಯಾದ ಭಂಗಿಯ ಬಗ್ಗೆ ನಮಗೆ ತಿಳಿಸಲಾಗಿದೆ, ನಾವು ಅರ್ಥ ಮಾಡಿಕೊಂಡಿದ್ದೇವೆ ಎಂದು ಮೇಲೆ ಮುದ್ರಿಸಿತ್ತು. ಮಂಚದ ಪೆಡಲಿನ ವಿಷಯ ಕೇಳೋಣ ಎಂದುಕೊಂಡಳು. ಕೇಳಿದರೆ ನಿಮಗೇನಾಗಿದೆ ಎಂದು ಕೇಳುತ್ತಾರೆ. ಎಡಗೈಯಿಂದ ಸಹಿ ಮಾಡಿದಳು, ಅದು ಬೇರೆ ಯಾರದೋ ಸಹಿಯಂತೆ ವಕ್ರವಾಗಿ ಬಂತು.

ಮೆಟ್ಟಿಲಿಳಿಯುತ್ತ ದರ್ಜಿ ಮೊದಲ ಸಲ ಬಂದ ದಿನ ನೆನಪಿಗೆ ಬಂತು, ಬೇಡವೆಂದರೂ ಬಂತು. ಆ ದಿನವೂ ಇದೇ ಹೊತ್ತು, ಆತ ಹತ್ತೊಂಬತ್ತನೆಯ ರೋಗಿ. ದೊಡ್ಡ ಹೊಟ್ಟೆಯ, ದೊಡ್ಡ ನಗುವಿನ ಮನುಷ್ಯ, ಅಂಗಿಯ ಕಾಲರಿನಲ್ಲಿ ಚುಚ್ಚಿಕೊಂಡ ಸೂಜಿ ಮರೆತು ಹಾಗೇ ಬಂದಿದ್ದ, ಅದನ್ನು ತೆಗೆದು ಎಲ್ಲಿಡಲಿ ಎಂದು ಅವಳನ್ನೇ ಕೇಳಿದ್ದ. ಎರಡು ತಿಂಗಳಿಂದ ಹೊಟ್ಟೆಯ ಮೇಲ್ಭಾಗ ಹಿಂಡುತ್ತದೆ, ಬೆನ್ನಿಗೆ ಹೋಗುತ್ತದೆ ಎಂದಿದ್ದ. ಅವಳು ಲಿವರ್ ನೋಡಿದಳು, ಮೂತ್ರಪಿಂಡ ನೋಡಿದಳು, ಕಡೆಗೆ ಆ ಹೊಟ್ಟೆಯ ದಿಬ್ಬ ದಾಟಿ ಎಡ ಮೂಲೆಗೆ ಕೈ ಚಾಚಿದಳು. ಅಲ್ಲಿ ಮೇದೋಜೀರಕದ ಬಾಲ ಇರುತ್ತದೆ, ಹೆಬ್ಬೆರಳಿನಷ್ಟು. ಒತ್ತಬೇಕು. ಒತ್ತಿದಳು, ಭುಜದೊಳಗೆ ಏನೋ ಹರಿದ ಹಾಗಾಯಿತು. ಮಲಗಿದ್ದಲ್ಲಿಂದಲೇ ಆತ ಅವಳನ್ನು ನೋಡುತ್ತಿದ್ದ. “ಬೇಜಾರು ಮಾಡ್ಕೋಬೇಡಿ ಅಮ್ಮಾ, ನಿಮ್ಮ ಬಲಭುಜ ಮುಕ್ಕಾಲು ಇಂಚು ಇಳಿದಿದೆ. ನಲವತ್ತು ವರ್ಷ ಅದನ್ನೇ ನೋಡ್ಕೊಂಡು ಬಂದೋನು, ಕಣ್ಣು ಸುಮ್ನಿರಲ್ಲ. ತುಂಬ ನೋವಿದೆ ಅಲ್ವಾ?” ಎರಡು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ. ಬಟ್ಟೆ ಕಳಚಿ ಮಲಗಿರುವುದು ಆತನಲ್ಲ, ತಾನು ಎನಿಸಿ ಅವಳ ಮುಖ ಬಿಸಿಯಾಯಿತು. “ಏನಿಲ್ಲ, ಮಾತಾಡ್ಬೇಡಿ, ಉಸಿರು ಹಿಡೀರಿ.” “ನೋವಾದ್ರೆ ಒತ್ತಬೇಡಿ ಬಿಡಿ ಅಮ್ಮಾ, ನಂದೇನು, ಹೊಟ್ಟೆನೋವು ತಾನೇ” ಎಂದ ಆತ. ಅಷ್ಟು ಮೃದುವಾಗಿ ಹೇಳದೆ ಇದ್ದಿದ್ದರೆ ಅವಳು ಒತ್ತುತ್ತಿದ್ದಳು. ಬಾಗಿಲು ಬೇಗ ಮುಚ್ಚಿ ಒಬ್ಬಳೇ ಇರಬೇಕು ಎನಿಸಿ ಅವಳು ಕೈ ಎತ್ತಿದಳು, ಏಳನೇ ಗುಂಡಿ ಒತ್ತಿದಳು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. “ಗ್ಯಾಸ್ ಇದೆ, ಏನೂ ಕಾಣ್ತಿಲ್ಲ. ಏನಾದ್ರೂ ತಿಂದು ಬಂದಿದೀರಾ?” ಎಂದು ಗದರಿಸಿ ಕೇಳಿದಳು. ಕೇಳುವಾಗ ಆ ದನಿಯಲ್ಲಿ ಒಂದು ಹಗೆ ಇತ್ತು. ನನ್ನ ಭುಜ ನೋಡಿದೆಯಲ್ಲ, ತಗೋ. ಆತ ಸ್ವಲ್ಪ ತಡೆದು, “ಇಲ್ಲಮ್ಮಾ” ಎಂದ. ಕಿವಿ ಕೆಂಪಾಗಿತ್ತು. ಟಿಶ್ಯೂ ತೆಗೆದುಕೊಂಡು ಹೊಟ್ಟೆಯ ಮೇಲಿನ ಅಂಟನ್ನು ತಾನೇ ಒರೆಸಿಕೊಂಡ, ಸೂಜಿಯನ್ನು ಮತ್ತೆ ಕಾಲರಿಗೆ ಚುಚ್ಚಿಕೊಂಡ.

ಮೂರಕ್ಕೆ ಐದು ನಿಮಿಷ ಇರುವಾಗಲೇ ದರ್ಜಿ ಬಂದ. ಬಾಗಿಲಲ್ಲಿ ನಿಂತವನನ್ನು ಅವಳು ಗುರುತಿಸಲಿಲ್ಲ, ಹಿಂದಿನ ರೋಗಿಯ ಕಡೆಯವರು ಯಾರೋ ಬಿಟ್ಟುಹೋದದ್ದನ್ನು ಹುಡುಕಿ ಬಂದಿರಬೇಕು ಎಂದುಕೊಂಡಳು. ಹೊಟ್ಟೆ ಇರಲಿಲ್ಲ. ನಗು ಮಾತ್ರ ಅಷ್ಟೇ ದೊಡ್ಡದಾಗಿ, ಈಗ ಮುಖಕ್ಕೆ ಹಿಡಿಸದೆ ಇತ್ತು. ಹೆಂಡತಿ ಹೊರಗಿನ ಬೆಂಚಿನಲ್ಲಿದ್ದಾಳೆ, ಸ್ಕ್ಯಾನ್ ಆದ ಕೂಡಲೇ ತಿನ್ನಿಸಲು ಡಬ್ಬಿ ಹಿಡಿದು ಕೂತಿದ್ದಾಳೆ ಎಂದ. “ನಿನ್ನೆ ಮಧ್ಯಾಹ್ನದಿಂದ ಏನೂ ಮುಟ್ಟಿಲ್ಲ ಅಮ್ಮಾ. ನೀರೂ ಇಲ್ಲ. ಈ ಸಲ ನಿಮಗೆ ತೊಂದ್ರೆ ಕೊಡಲ್ಲ.” ನಿಧಾನವಾಗಿ ಒಂದೊಂದೇ ಗುಂಡಿ ಬಿಚ್ಚಿದ. ಪ್ಯಾಂಟಿನ ಸೊಂಟವನ್ನು ಆತನೇ ಹಿಡಿದು ಹೊಲಿದಿದ್ದ. ಹಳೆಯ ಹೊಲಿಗೆ ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳ ಒಂದು ಸಾಲು ಉಳಿದಿತ್ತು, ಅದರ ಒಳಗೆ ಇನ್ನೊಂದು, ಅದರ ಒಳಗೆ ಈಗಿನ ಹೊಲಿಗೆ. ಅವಳು ನೋಡುತ್ತಿರುವುದನ್ನು ನೋಡಿ ಆತ ಹಿಗ್ಗಿನಿಂದಲೇ ಹೇಳಿದ, “ಮೂರು ಸಲ ಹಿಡಿದೆ. ಹೋದ ಸಲ ಗ್ಯಾಸಿಗೆ ಅಂತ ಕೊಟ್ರಲ್ಲ ಪುಡಿ, ಚೆನ್ನಾಗೇ ಇಳಿಸ್ತು. ಐದು ತಿಂಗಳು ಬಿಡದೆ ತಗೊಂಡೆ. ನಮ್ಮೋಳು ಅಡುಗೆ ಮನೇನೇ ಬದಲಾಯಿಸಿಬಿಟ್ಲು, ಕರಿದಿದ್ದಿಲ್ಲ, ಖಾರ ಇಲ್ಲ, ಬೇಳೆ ಇಲ್ಲ. ಆದ್ರೆ ಬೆನ್ನುನೋವು ಮಾತ್ರ ಬಿಡ್ತಿಲ್ಲ, ಮಿಷನ್ ಮುಂದೆ ಕೂರೋಕಾಗಲ್ಲ.” ಆತ ಮಂಚ ಏರುವುದಕ್ಕೆ ಅವಳು ಎಡಗೈ ಕೊಟ್ಟಳು. ಆ ಎತ್ತರದ ಮಂಚ ಏರಿ ಆತನಿಗೆ ಏದುಸಿರು ಬಂತು.

ಜೆಲ್ ಹಾಕಿ, ವಯರು ಕುತ್ತಿಗೆಗೆ ಸುತ್ತಿ, ಅವಳು ಒಳಗೊಳಗೇ ಕೈಯನ್ನು ಬೇಡಿಕೊಂಡಳು: ಇದೊಂದು, ಇದೊಂದೇ ಒಂದು, ಆಮೇಲೆ ಬಿದ್ದುಹೋದರೂ ಸರಿ. ಹಲ್ಲು ಕಚ್ಚಿ, ಮೈಯನ್ನೆಲ್ಲ ಭುಜದ ಹಿಂದೆ ಒಟ್ಟುಗೂಡಿಸಿ, ಎಡ ಪಕ್ಕೆಲುಬಿನ ಕೆಳಗೆ ಪ್ರೋಬ್ ಇಟ್ಟಳು. ಒತ್ತುವ ಅಗತ್ಯವೇ ಬೀಳಲಿಲ್ಲ. ದಾಟಬೇಕಾದ ದಿಬ್ಬ ಅಲ್ಲಿ ಉಳಿದಿರಲಿಲ್ಲ. ಇಟ್ಟ ಕೂಡಲೇ ಎಲ್ಲ ಮೇಲೆ ಬಂತು, ಬೆನ್ನುಮೂಳೆಯ ಬಿಳಿ ಕಮಾನು, ಅದರ ಮುಂದೆ ರಕ್ತನಾಳ, ಅದರ ಮುಂದೆ ಬಾಲ ಇರಬೇಕಾದ ಜಾಗದಲ್ಲಿ ಅಂಚು ಹರಿದ ಒಂದು ಕಪ್ಪು ಗಡ್ಡೆ. ಕೈ ತಾನಾಗಿ ಬಲಕ್ಕೆ ಹೋಯಿತು. ಲಿವರಿನಲ್ಲಿ ಚುಕ್ಕೆಗಳಿದ್ದವು, ಐದು ತಿಂಗಳ ಹಿಂದೆ ಅವು ಇರಲಿಲ್ಲ; ಅದನ್ನು ಅವಳೇ ನೋಡಿದ್ದಳು, ಲಿವರನ್ನು ಆವತ್ತು ಸರಿಯಾಗಿ ನೋಡಿದ್ದಳು. ಎಡಗೈಯಿಂದ ಚಿತ್ರ ನಿಲ್ಲಿಸಿ ಅಳತೆ ತೆಗೆದಳು, ಅಳತೆ ಗುರುತಿನ ಎರಡು ಪುಟ್ಟ ಶಿಲುಬೆಗಳನ್ನು ಗಡ್ಡೆಯ ಎರಡು ತುದಿಗೆ ಕೂರಿಸಿದಳು. ಬಲಗೈ ನೋಯುತ್ತಲೇ ಇರಲಿಲ್ಲ. ಇಡೀ ದಿನದಲ್ಲಿ ಇಷ್ಟು ಸುಲಭದ ಸ್ಕ್ಯಾನ್ ಮಾಡಿರಲಿಲ್ಲ ಎಂಬುದು ಅವಳಿಗೆ ಸಹಿಸಲಾಗಲಿಲ್ಲ. “ಹೇಗಿದೆ ಅಮ್ಮಾ, ಕಾಣ್ತಿದೆಯಾ?” ಎಂದ ದರ್ಜಿ ಚಾವಣಿ ನೋಡುತ್ತ. “ಕಾಣ್ತಿದೆ.” “ಗ್ಯಾಸ್?” “ಇಲ್ಲ.” “ಸದ್ಯ” ಎಂದು ಆತ ಕಣ್ಣು ಮುಚ್ಚಿದ.

ಅವಳು ಫೋನ್ ಮಾಡಿದ್ದಕ್ಕೆ ಮೇಲಿನ ಮಹಡಿಯಿಂದ ಡಾಕ್ಟರು ಇಳಿದು ಬಂದರು. ಸ್ಕ್ಯಾನ್ ಮಾಡುವುದು ಇವಳು, ಸಹಿ ಹಾಕುವುದು ಅವರು. ಇಂಥದ್ದು ಕಂಡಾಗ ಮಾತ್ರ ಇಳಿದು ಬರುತ್ತಾರೆ. ಪರದೆ ನೋಡಿದರು, ದರ್ಜಿಯ ಹೆಗಲು ತಟ್ಟಿ ಆರಾಮಾಗಿರಿ ಎಂದರು, ಅವಳನ್ನು ಕಾರಿಡಾರಿಗೆ ಕರೆದು ಬಾಗಿಲು ಎಳೆದರು. “ಹೋದ ಸಲ ಏನು ಕೊಟ್ಟಿದೀವಿ?” “ಗ್ಯಾಸ್ ಅಂತ, ಸರ್.” “ಸರಿ ಹಾಗಾದ್ರೆ. ನಮ್ಮ ಕಡೆಯಿಂದ ತಪ್ಪೇನಿಲ್ಲ.” ಅವರು ತಿರುಗಿ ಹೊರಟರು. “ಸರ್, ಆವತ್ತು ಗ್ಯಾಸ್ ಇರ್ಲಿಲ್ಲ. ನನಗೆ ಒತ್ತೋಕಾಗ್ಲಿಲ್ಲ. ಕೈ ಬರಲ್ಲ ನನಗೆ, ಎರಡು ವರ್ಷ ಆಯ್ತು.” ಹೇಳಿಬಿಟ್ಟಳು. ಎರಡು ವರ್ಷದಿಂದ ಹೊತ್ತದ್ದು ಅಷ್ಟು ಚಿಕ್ಕದಾಗಿ ಮುಗಿಯಿತು. ಡಾಕ್ಟರು ಅವಳ ಭುಜ ನೋಡಲಿಲ್ಲ, ಕಾರಿಡಾರಿನ ಎರಡೂ ತುದಿ ನೋಡಿದರು. ದನಿ ತಗ್ಗಿಸಿ, ಸಿಟ್ಟಿಲ್ಲದೆ, ಸುಸ್ತಾದವರಂತೆ ಹೇಳಿದರು, “ನೋಡಿ, ಆ ವರದೀಲಿ ನನ್ನ ಸಹಿ ಇದೆ. ಈ ಮಾತು ನಾನು ಕೇಳಿಸ್ಕೊಂಡಿಲ್ಲ, ನೀವು ಹೇಳಿಲ್ಲ. ಇವತ್ತು ಮೇಲೆ ತರಬೇತಿ ಇತ್ತಲ್ಲ, ಹೋಗಿದ್ರಾ?” “ಹೋಗಿದ್ದೆ.” “ಸಹಿ ಮಾಡಿದೀರಾ?” “ಮಾಡಿದೀನಿ.” “ಮತ್ತಿನ್ನೇನು” ಎಂದರು. ಸೋಮವಾರ ದೊಡ್ಡ ಸ್ಕ್ಯಾನಿಗೆ ಬರಲಿ, ಮನೆಯವರನ್ನು ಕರೆದುಕೊಂಡು ಬರಲಿ, ಏನೆಂದು ಈಗ ಹೇಳುವುದು ಬೇಡ ಎಂದು ಹೇಳಿ ಮೆಟ್ಟಿಲು ಹತ್ತಿದರು. ಅವರಿಗೆ ಹೇಳಿದ್ದು ಬರೀ ತಾಲೀಮು, ಹೇಳಬೇಕಾದವನು ಒಳಗೆ ಮಲಗಿದ್ದಾನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಈಗ ಒಳಗೆ ಹೋಗಿ ಹೇಳಿಬಿಡಬೇಕು, ನಿಮ್ಮ ಹೊಟ್ಟೆಯಲ್ಲಿ ಗ್ಯಾಸ್ ಇರಲೇ ಇಲ್ಲ, ಆ ಪುಡಿ, ಆ ಸಪ್ಪೆ ಊಟ, ಐದು ತಿಂಗಳು, ಎಲ್ಲವೂ ನನ್ನ ಕೈಯದ್ದು. ಬಾಗಿಲು ತಳ್ಳುವಾಗ ಮಾತು ಬಾಯಲ್ಲಿ ಸಿದ್ಧವಾಗಿಯೇ ಇತ್ತು.

ದರ್ಜಿ ಎದ್ದು ಮಂಚದ ಅಂಚಿನಲ್ಲಿ ಕೂತಿದ್ದ, ಟಿಶ್ಯೂವನ್ನು ನಾಲ್ಕು ಮಡಿಕೆ ಮಾಡಿ ಒರೆಸಿಕೊಳ್ಳುತ್ತಿದ್ದ. ಡಾಕ್ಟರು ಬಂದುಹೋದದ್ದರಲ್ಲೇ ಆತನಿಗೆ ಅರ್ಧ ಅರ್ಥವಾಗಿತ್ತು. “ಆವತ್ತು,” ಎಂದು ಅವಳು ಶುರು ಮಾಡಿದಳು. “ಆವತ್ತು ನಿಮ್ಮ ಹೊಟ್ಟೇಲಿ—” “ಗೊತ್ತಮ್ಮಾ” ಎಂದ ಆತ. “ಅದನ್ನೇ ಹೇಳೋಣ ಅಂತ ಇದ್ದೆ, ನೀವೇ ತೆಗೆದ್ರಿ.” ಬಾಗಿಲ ಕಡೆ ನೋಡಿ ದನಿ ಇಳಿಸಿದ. “ಆವತ್ತು ನಾನು ತಿಂದು ಬಂದಿದ್ದೆ. ಬಸ್ ಸ್ಟಾಂಡಲ್ಲಿ ಒಂದು ಬನ್ನು, ಒಂದು ಟೀ. ಹಸಿವು ತಡೆಯೋಕಾಗ್ಲಿಲ್ಲ, ಒಂದು ಬನ್ನಿಗೆ ಏನಾಗುತ್ತೆ ಅಂದ್ಕೊಂಡೆ. ನೀವು ಕೇಳಿದಾಗ ಇಲ್ಲ ಅಂತ ಸುಳ್ಳು ಹೇಳಿದೆ. ನೀವು ಆ ನೋವಲ್ಲಿ ನನಗೋಸ್ಕರ ಒತ್ತಿ ಒತ್ತಿ ನೋಡಿದ್ರಿ, ಪಾಪ. ನಾನು ನಿಮ್ಮ ಶ್ರಮ ಎಲ್ಲ ಹಾಳು ಮಾಡಿದೆ. ಐದು ತಿಂಗಳಿಂದ ಇದೇ ಕೊರೀತಿದೆ, ಆವತ್ತೇ ಕಂಡಿದ್ರೆ... ಅಲ್ವಾ? ಆವತ್ತೇ ಕಂಡಿದ್ರೆ ಏನಾದ್ರೂ ಆಗ್ತಿತ್ತೇನೋ.” ಆತ ಟಿಶ್ಯೂವಿನ ಮಡಿಕೆಯನ್ನು ಇನ್ನೂ ಚಿಕ್ಕದು ಮಾಡಿದ. “ನಮ್ಮೋಳಿಗೆ ಹೇಳ್ಬೇಡಿ ಅಮ್ಮಾ. ಬನ್ನಿನ ವಿಷಯ. ಅವಳು ತಡ್ಕೊಳ್ಳಲ್ಲ.”

ಒಂದು ಬನ್ನು ಏನೂ ಮಾಡುವುದಿಲ್ಲ. ಅದನ್ನು ಹೇಳುವುದಕ್ಕೆ ಅವಳಿಗೆ ಒಂದು ಉಸಿರು ಸಾಕಾಗಿತ್ತು. ಬಾಯಲ್ಲಿದ್ದ ವಾಕ್ಯಕ್ಕೆ ಆತನೇ ಬಂದು ತನ್ನ ವಾಕ್ಯವನ್ನು ಹೊದಿಸಿಬಿಟ್ಟಿದ್ದ, ಒಳಗೆ ಬೆಚ್ಚಗಿತ್ತು. ಆ ಬೆಚ್ಚಗಿನದರಲ್ಲಿ ಮಗಳ ಫೀಸು ಇತ್ತು, ದೊಡ್ಡಕ್ಕನ ಗೋಡೆ ಗಡಿಯಾರ ಇತ್ತು, ನಾಳೆಯ ಪಟ್ಟಿಯೂ ಇತ್ತು. ತಾನು ಇಷ್ಟು ಕೀಳಾಗಬಲ್ಲೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅಯ್ಯೋ ಎನಿಸಿತು, ತನ್ನ ಮೇಲೇ ಹೇಸಿಗೆಯಾಯಿತು, ಆದರೂ ಬಾಯಿ ತೆರೆಯಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆದು ಹೆಂಡತಿ ಒಳಗೆ ಬಂದಳು, ಡಬ್ಬಿಯ ಚೀಲ ಎದೆಗೆ ಅವಚಿಕೊಂಡು. ಡಾಕ್ಟರು ಇಳಿದು ಬಂದದ್ದನ್ನೂ ಹತ್ತಿ ಹೋದದ್ದನ್ನೂ ಬೆಂಚಿನಿಂದ ನೋಡಿದ್ದಳು. “ಏನಂತೆ?” ಎಂದಳು. “ಎಲ್ಲ ಚೆನ್ನಾಗಿ ಕಾಣ್ತಂತೆ ಕಣೇ, ಈ ಸಲ ಗ್ಯಾಸೇ ಇಲ್ವಂತೆ. ಇನ್ನೊಂದು ಸ್ಕ್ಯಾನ್ ಬರೆದಿರ್ಬೇಕು, ಅಲ್ವಾಮ್ಮಾ?” ಎಂದ ದರ್ಜಿ. ಹೆಂಡತಿ ಗಂಡನನ್ನು ನೋಡಲಿಲ್ಲ, ಇವಳನ್ನೇ ನೋಡಿದಳು. ಚಿಕ್ಕ ಮೈಯ, ಚೂಪು ಕಣ್ಣಿನ ಹೆಂಗಸು. “ನೀವು ಹೇಳಿ. ಇವರು ಹೋದ ಸಲ ಏನಾದ್ರೂ ತಿಂದು ಬಂದಿದ್ರಾ? ಅದಕ್ಕೇ ಕಾಣ್ಲಿಲ್ವಾ? ನಿಜ ಹೇಳಿ, ಈ ಮನುಷ್ಯನ ನಾಲಗೆ ನನಗೆ ಗೊತ್ತು.”

ಯಂತ್ರದ ಫ್ಯಾನು ಸುತ್ತುತ್ತಿತ್ತು. ದರ್ಜಿ ಕಾಲರಿನಲ್ಲಿ ಇಲ್ಲದ ಸೂಜಿಯನ್ನು ಹುಡುಕುತ್ತಿದ್ದ. “ಇಲ್ಲ” ಎಂದಳು ಅವಳು. “ಅವರು ತಿಂದಿದ್ದಕ್ಕಲ್ಲ. ಅವರದ್ದೇನೂ ತಪ್ಪಿಲ್ಲ.” ಎರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಆಡಿದ ಒಂದೇ ಒಂದು ಪೂರ್ತಿ ನಿಜ ಅದು. ಹೆಂಡತಿಯ ಮುಖ ಸಡಿಲವಾಯಿತು. ದರ್ಜಿ ತಲೆಯೆತ್ತಿ ನೋಡಿದ. ತನ್ನ ಮರ್ಯಾದೆ ಉಳಿಸಲು ಈ ಹೆಣ್ಣುಮಗಳು ಒಂದು ಸುಳ್ಳು ಹೇಳಿದಳು ಎಂದು ಆತನ ಕಣ್ಣು ತುಂಬಿತು. ಆ ಕೃತಜ್ಞತೆಯನ್ನು ಅವಳು ನಿಂತು ತೆಗೆದುಕೊಳ್ಳಬೇಕಾಯಿತು.

ಸೋಮವಾರ ಇನ್ನೊಂದು ಸ್ಕ್ಯಾನ್ ಇದೆ, ಇಬ್ಬರೂ ಬನ್ನಿ ಎಂದು ಅವಳು ಹೇಳಿದ ಮೇಲೆ ಹೆಂಡತಿ ಮುಂದೆ ಹೋದಳು. ದರ್ಜಿ ಬಾಗಿಲವರೆಗೆ ಹೋಗಿ ತಿರುಗಿ ಬಂದ. ಅವಳ ಬಿಳಿ ಕೋಟಿನ ಭುಜವನ್ನು, ಮುಟ್ಟದೆ, ಎರಡು ಬೆರಳ ಅಳತೆಯಲ್ಲಿ ನೋಡಿದ. “ಇಂಚಾಗಿದೆ. ಆವತ್ತು ಮುಕ್ಕಾಲಿತ್ತು. ಅದನ್ನ ಕೊಡಿ ಇಲ್ಲಿ, ಒಳಗೆ ತೆಳ್ಳಗೆ ಒಂದು ಪ್ಯಾಡ್ ಇಟ್ಟು ಹೊಲೀತೀನಿ. ಯಾರಿಗೂ ಗೊತ್ತಾಗಲ್ಲ ಆಮೇಲೆ, ಎರಡೂ ಭುಜ ಸಮ ಕಾಣುತ್ತೆ.” “ಬೇಡ, ನೀವು ಕೂರೋಕಾಗಲ್ಲ ಅಂದ್ರಿ.” “ಒಂದು ಪ್ಯಾಡಿಗೆ ಎಷ್ಟೊತ್ತು ಬೇಕು. ಇಷ್ಟಾದ್ರೂ ಮಾಡ್ದಿದ್ರೆ ನನಗೆ ನಿದ್ದೆ ಬರಲ್ಲ.” ಅವಳು ಗುಂಡಿ ಬಿಚ್ಚಿದಳು. ಎಡತೋಳು ಬಂತು. ಬಲತೋಳು ಬರಲಿಲ್ಲ, ಬೆಳಗ್ಗೆ ಮಗಳು ಹಾಕಿಸಿದ ಕೋಟು ಅದು, ಸಂಜೆ ತೆಗೆಯುವುದೂ ಮಗಳೇ. ಅವಳು ಕೈಯನ್ನು ಹಿಂದಕ್ಕೆ ತರಲು ನೋಡಿದಳು, ಬಾಯಿಂದ ಒಂದು ಸದ್ದು ಬಂದುಬಿಟ್ಟಿತು. “ತಾಳಿ, ತಾಳಿ” ಎಂದು ದರ್ಜಿ ಹಿಂದೆ ಬಂದ. ಆ ಮೂಳೆಮೂಳೆಯಾದ ಬೆರಳುಗಳು ಕಾಲರನ್ನು ಹಿಡಿದು ಸ್ವಲ್ಪ ಎತ್ತಿ, ತೋಳನ್ನು ಕಂಕುಳಿನ ಕಡೆಯಿಂದ ಸಡಿಲಿಸಿ, ಕೈ ಎಲ್ಲಿದೆಯೋ ಅಲ್ಲೇ ಇರಲು ಬಿಟ್ಟು, ಬಟ್ಟೆಯನ್ನು ಮಾತ್ರ ಅದರಿಂದ ಕಳಚಿದವು. ಎಳ್ಳಷ್ಟೂ ನೋವಾಗಲಿಲ್ಲ. ಆತ ಕೋಟನ್ನು ಒಳಮೈ ಹೊರಗೆ ಮಾಡಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡ. “ಸೋಮವಾರ ಹೇಗೂ ಬರ್ತೀನಲ್ಲ,” ಎಂದ, “ತಂದುಕೊಡ್ತೀನಿ.”

ಕೋಟಿಲ್ಲದೆ ಕೋಣೆಯ ಚಳಿಯಲ್ಲಿ ಅವಳು ಕೂತಳು. ಬಾಗಿಲಲ್ಲಿ ಮುಳ್ಳು ಬಂದು ಮಣಿಕಟ್ಟು ಬಡಿದಳು, ಮುಂದಿನವರು ಬಂದು ಹತ್ತು ನಿಮಿಷವಾಯಿತು ಎಂದು. ಇವಳು “ಕಳಿಸಿ” ಎಂದಳು.